ನದಿಗೆ ಮುಖ ಮಾಡಿದ ಹೊಲಗಳು

ನನಗೆ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವರು ನಮ್ಮ ಭಾವ, ನನ್ನ ಗಂಡನ ಅಣ್ಣ ನಾರಾಯಣಸ್ವಾಮಿ. ಶಿಕಾಗೊ ಬಳಿಯ ನೇಪರ್‌ವಿಲ್‌ನ ಅವರ ಮನೆಯ ಡೆಕ್ ಮೇಲೆ, ಸುಟ್ಟ ಜೋಳದ ತೆನೆ ಕೈಯಲ್ಲಿ ಹಿಡಿದು, ಹತ್ತು ಜನರ ಎದುರಿಗೆ ಹೇಳಿದರು. "ಲಕ್ಷ್ಮೀ, ನೀನು ಅಲ್ಲಿ ಬಿಳಿ ಟೋಪಿ ಹಾಕ್ಕೊಂಡು ಒಲೆ ಊದ್ತೀಯ, ಸಂತೋಷ. ಆದ್ರೆ ಅಮೆರಿಕದ ಹಿಸ್ಟರೀನ ಅಮೆರಿಕದವ್ರಿಗೇ ಬರೆದು ಹೇಳ್ತೀನಿ ಅಂದ್ರೆ ಹೆಂಗಮ್ಮಾ? ಪಿಯುಸೀಗೇ ಎರಡು ಸಲ ಕೂತೋಳು ನೀನು." ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಸಲ ಕೂತಿದ್ದು ನಿಜವೇ ಆಗಿತ್ತು.

ಡೆಟ್ರಾಯಿಟ್‌ನಿಂದ ಸ್ವಲ್ಪ ಕೆಳಗೆ, ನದಿಯ ದಂಡೆಯಲ್ಲಿ ಒಂದು ಪುಟ್ಟ ಮ್ಯೂಸಿಯಂ ಇದೆ. ಮುನ್ನೂರು ವರ್ಷಗಳ ಹಿಂದೆ ಫ್ರೆಂಚರು ದೋಣಿಗಳಲ್ಲಿ ಬಂದು ಈ ನದಿಯ ಮೇಲೆ ಕೋಟೆ ಕಟ್ಟಿ, ಹೊಲ ಮಾಡಿ, ಊರು ಹೂಡಿದ ಕಾಲವನ್ನು ತೋರಿಸುವ ಜಾಗ. ದಿಮ್ಮಿಗಳ ನಾಲ್ಕು ಮನೆ, ಬ್ರೆಡ್ ಸುಡುವ ಒಂದು ಮಣ್ಣಿನ ಒಲೆ, ಒಂದು ತರಕಾರಿ ತೋಟ. ಅಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ಹೋದ ವರ್ಷ ರಿಟೈರ್ ಆದೆ. ಈಗ ಹತ್ತಿರದ ನೋವೈ, ವಿಕ್ಸಮ್ ಊರುಗಳ ಕಡೆಯ ನಮ್ಮವರ ಮಕ್ಕಳು ಬೇಸಿಗೆಯಲ್ಲಿ ಅಲ್ಲಿಗೆ ವಾಲಂಟಿಯರ್ ಆಗಿ ಹೋಗುತ್ತಾರೆ. ಇಬ್ಬರು ಹಿಸ್ಟರಿಯನ್ನೇ ಮೇಜರ್ ಮಾಡುತ್ತೇವೆಂದು ಹೊರಟಿದ್ದಾರೆ. "ಆಂಟಿ, ವಾಟ್ ವಾಸ್ ಇಟ್ ರಿಯಲೀ ಲೈಕ್?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಓದಲು ಬಾರದವರಿಗೆ ಅಮ್ಮಂದಿರು ಓದಿ ಹೇಳಲಿ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನು ಕೋಲಾರದ ಕಡೆಯವಳು. ನಮ್ಮಪ್ಪ ಮುನಿವೆಂಕಟಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಕೆರೆಯ ನೀರನ್ನು ಕಾಲುವೆಗೆ ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ಹಂಚುವುದು ಅವರ ಕೆಲಸ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಏಳನೇ ಕ್ಲಾಸು ದಾಟಿರಲಿಲ್ಲ. ಮದುವೆಯಾಗಿ ವಿಕ್ಸಮ್‌ಗೆ ಬಂದೆ. ನಮ್ಮ ಯಜಮಾನರು ಅಲ್ಲಿನ ಇಂಡಸ್ಟ್ರಿಯಲ್ ಪಾರ್ಕಿನ ಒಂದು ಶಾಪಿನಲ್ಲಿ ಮೆಷಿನಿಸ್ಟ್.

ಕೆಲಸ ಸಿಕ್ಕಿದ್ದು ಒಲೆಯಿಂದ. ಒಂದು ಶನಿವಾರ ಸುಮ್ಮನೆ ನೋಡಲು ಹೋಗಿದ್ದೆವು. ಹಿಂದಿನ ದಿನದ ಮಳೆಗೆ ಸೌದೆ ತೊಯ್ದು, ಉದ್ದ ಅಂಗಿ ತೊಟ್ಟ ಇಬ್ಬರು ಗಂಡಸರು ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದರು. ಹೊಗೆಗೆ ಜನ ಕೆಮ್ಮುತ್ತಾ ಹೊರಗೆ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹಗ್ಗ ದಾಟಿ ಒಳಗೆ ಹೋದೆ, ದಪ್ಪ ಸೌದೆಯನ್ನೆಲ್ಲ ಹೊರಗೆಳೆದೆ, ತೊಗಟೆ ಸುಲಿದು ಒಳಗಿನ ಒಣ ಸಿಬಿರು ಸೀಳಿ ಗೂಡು ಕಟ್ಟಿ ಹಚ್ಚಿದೆ. ಬೆಂಕಿ ಹತ್ತಿತು. ತಲೆ ಎತ್ತಿದರೆ ಮ್ಯೂಸಿಯಂನ ಮುಖ್ಯಸ್ಥೆ ಕ್ಯಾಥರೀನ್ ನಿಂತಿದ್ದಳು. ಎತ್ತರದ ಹೆಂಗಸು, ಕನ್ನಡಕ ಹಣೆಯ ಮೇಲೆ. "ಹಗ್ಗ ದಾಟಬಾರದು ಎಂದು ಬರೆದಿದೆ, ಓದಲಿಲ್ಲವೆ?" ಎಂದಳು. ಆಮೇಲೆ, "ಮುಂದಿನ ಶನಿವಾರ ಬರುತ್ತೀಯಾ?" ಎಂದಳು. ಅವಳು ಮಾತಾಡಿದ್ದೆಲ್ಲ ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಾಗೆ ನಾನು ಒಲೆಯ ಹೆಂಗಸಾದೆ. ಉದ್ದ ಲಂಗ, ಬಿಳಿ ಟೋಪಿ, ಟೋಪಿಯೊಳಗೆ ಸುತ್ತಿ ತುರುಕಿದ ನನ್ನ ಜಡೆ. ಬಂದವರು ಮೊದಲು ಕೇಳುತ್ತಿದ್ದದ್ದು ಒಂದೇ: "ನೀನು ಫ್ರೆಂಚ್ ಹೆಂಗಸಿನ ಹಾಗೆ ಕಾಣುವುದಿಲ್ಲವಲ್ಲ?" ಮೊದಮೊದಲು ಮುಖ ಬಾಡುತ್ತಿತ್ತು. ಆಮೇಲೆ ಉತ್ತರ ಕಲಿತೆ: "ಅಲ್ಲಿ ಕಮ್ಮಾರನ ವೇಷದಲ್ಲಿರೋನು ಕಾಣ್ತಾನಾ? ಅವನ ಅಜ್ಜ ಪೋಲೆಂಡಿನವನು. ಇಲ್ಲಿ ಫ್ರಾನ್ಸಿನಿಂದ ಬಂದಿರೋದು ಆ ಸೇಬಿನ ಗಿಡದ ತಳಿ ಒಂದೇ." ಜನ ನಕ್ಕು ಕುಳಿತುಕೊಳ್ಳುತ್ತಿದ್ದರು. ಕುಳಿತವರಿಗೆ ಕಥೆ ಹೇಳಬಹುದು. ನಿಂತೇ ಇರುವವರಿಗೆ ಆಗುವುದಿಲ್ಲ. ಮಕ್ಕಳೇ, ಇದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

ಮೊದಲ ತಪ್ಪೂ ಆ ಒಲೆಯ ಮೇಲೇ ಆಯಿತು. ಬಟಾಣಿ ಸೂಪು ಕುದಿಯುತ್ತಿತ್ತು. ಪಕ್ಕದ ಜಾಡಿಯಲ್ಲಿ ಸಾಸಿವೆ ಇತ್ತು, ಬಾಣಲೆಯಲ್ಲಿ ಕೊಬ್ಬು ಕಾದಿತ್ತು. ಬಂದವರ ಜೊತೆ ಮಾತಾಡುತ್ತಾ ಕೈ ತನ್ನ ಪಾಡಿಗೆ ಒಗ್ಗರಣೆ ಹಾಕಿಬಿಟ್ಟಿತು. ಘಮ ಆಫೀಸಿನವರೆಗೂ ಹೋಯಿತು. ಕ್ಯಾಥರೀನ್ ಬಂದಳು, ರುಚಿ ನೋಡಿದಳು, ಇನ್ನೊಂದು ಚಮಚ ತೆಗೆದುಕೊಂಡಳು. "ಬಹಳ ಚೆನ್ನಾಗಿದೆ. ಈಗ ಚೆಲ್ಲು."

"ಸಾಸಿವೆ ಅವರ ಹತ್ತಿರವೂ ಇತ್ತಲ್ಲ?" ಎಂದೆ.

"ಇತ್ತು. ಸಿಡಿಸುತ್ತಿದ್ದರು ಎಂದು ಯಾವ ಕಾಗದದಲ್ಲಿದೆ, ತೋರಿಸು. ಅವರು ಮಾಡಬಹುದಾಗಿತ್ತು ಎನ್ನುವುದು ಬೇರೆ, ಮಾಡಿದರು ಎನ್ನುವುದು ಬೇರೆ."

ಚೆಲ್ಲಿದೆ. ಮಾತನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ.

ನಾನು ಸೇರಿದಾಗ ಮ್ಯೂಸಿಯಂನಲ್ಲಿ ಕಥೆ ಹೇಳುವ ರೀತಿಯೇ ಬೇರೆ ಇತ್ತು. ಬಾವುಟ, ದಳಪತಿ, ತುತ್ತೂರಿ. ಸಾವಿರಾರು ವರ್ಷಗಳಿಂದ ಈ ನದಿಯ ಬದಿ ಬಾಳಿದ ಮೂಲನಿವಾಸಿಗಳು ಟೂರಿನ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಬರುತ್ತಿದ್ದರು. ಆಮೇಲೆ ಆ ಜನರ ಹಿರಿಯರನ್ನೇ ಕರೆಸಿ ಕೇಳುವ ಪದ್ಧತಿ ಬಂತು. ಮೊದಲ ಸಭೆಗೆ ಬಂದ ಒಬ್ಬ ಅಜ್ಜಿ ನನ್ನ ಒಲೆಯ ಹತ್ತಿರ ಕುಳಿತು, ಮಡಕೆಯಲ್ಲಿದ್ದ ಮುಸುಕಿನ ಜೋಳದ ಗಂಜಿ ತೋರಿಸಿ, "ಇದನ್ನು ಬೇಯಿಸುವುದು ಇವರಿಗೆ ಯಾರು ಕಲಿಸಿದರು ಎಂದು ಹೇಳುತ್ತೀಯಾ?" ಎಂದು ಕೇಳಿದಳು. ಬೂದಿನೀರಿನಲ್ಲಿ ಜೋಳದ ಸಿಪ್ಪೆ ಬಿಡಿಸುವುದನ್ನು ಅವಳೇ ನನಗೆ ತೋರಿಸಿಕೊಟ್ಟಳು. ಅವತ್ತಿನಿಂದ ನನ್ನ ಕಥೆ ಬಾವುಟದಿಂದ ಶುರುವಾಗುವುದು ನಿಂತು, ಮಡಕೆಯಿಂದ ಶುರುವಾಗತೊಡಗಿತು. ಹಾಗೆಂದು ಬಂದ ಫ್ರೆಂಚ್ ರೈತರ ಮೇಲೆ ನನಗೆ ಕೋಪ ಬರಲಿಲ್ಲ. ರಾಜನ ಲೆಕ್ಕಾಚಾರ ರಾಜನದು. ದೋಣಿಯಿಂದ ಇಳಿದವರು ಬೀಜದ ಚೀಲ ನೀರಿಗೆ ತೊಯ್ದಿದೆಯೋ ಏನೋ ಎಂದು ಹೆದರಿಕೊಂಡಿದ್ದ ಗಂಡ ಹೆಂಡತಿ. ಆ ಹೆದರಿಕೆ ನನಗೆ ಗೊತ್ತು. ಬಂದ ಮೊದಲ ಚಳಿಗಾಲ, ಹೊರಗೆ ಮೈನಸ್ ಐದು ಡಿಗ್ರಿ ಫ್ಯಾರನ್‌ಹೀಟ್, ನಾನು ಅಪಾರ್ಟ್‌ಮೆಂಟಿನ ಹೀಟರಿಗೆ ಬೆನ್ನು ಕೊಟ್ಟು ಅಳುತ್ತಾ ಕೂತಿದ್ದೆ.

ಇನ್ನೊಂದು ದಿನ ಕ್ಯಾಥರೀನೂ ನಾನೂ ಹಳೆಯ ಚರ್ಚಿನ ದಾಖಲೆಯ ನಕಲು ಓದುತ್ತಿದ್ದೆವು. ನಾಮಕರಣವಾದವರ ಪಟ್ಟಿ. ಮನೆತನದವರಿಗೆ ಉದ್ದುದ್ದ ಹೆಸರು. ಅವರ ಮನೆಯಲ್ಲಿ ಗುಲಾಮರಾಗಿದ್ದವರಿಗೆ ಒಂದೇ ಹೆಸರು. ಕೆಲವರಿಗೆ ಅದೂ ಇಲ್ಲ, ಇಂಥವರ ಆಳು ಎಂದಷ್ಟೇ. ನಮ್ಮೂರ ಪಂಚಾಯ್ತಿ ಪುಸ್ತಕದಲ್ಲಿ ನಮ್ಮಪ್ಪನ ಬೆರಳಚ್ಚಿನ ಪಕ್ಕ "ನೀರುಗಂಟಿ" ಎಂದಿರುತ್ತಿತ್ತು. ಹೆಸರು ಇರುತ್ತಿರಲಿಲ್ಲ. ಆ ಕಷ್ಟವೂ ಈ ಕಷ್ಟವೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಪುಟ ತಿರುಗಿಸಲು ನನ್ನ ಕೈ ಬರಲಿಲ್ಲ. ಇಂಥವರ ಬಗ್ಗೆ ಗೋಡೆಯ ಮೇಲೆ ಬರೆಯುವವಳು ನಾನಾಗಬೇಕು ಎಂಬ ಆಸೆ ಹುಟ್ಟಿದ್ದು ಅವತ್ತು.

ಬಂದವರು ಓದುವ ವಿವರಣೆಯ ಬೋರ್ಡು ಬರೆಯಲು ಡಿಗ್ರಿ ಬೇಕೆಂಬುದು ಮ್ಯೂಸಿಯಂ ನಿಯಮ. ಭಾವ ನಕ್ಕದ್ದು ಆಗಲೇ. ಕಮ್ಯುನಿಟಿ ಕಾಲೇಜಿಗೆ ಸೇರಿದೆ, ಒಂದು ಟರ್ಮಿಗೆ ಒಂದೇ ಕೋರ್ಸು. ಅಲ್ಲಿಂದ ಇನ್ನೊಂದು ಕಾಲೇಜು. ಒಟ್ಟು ಹನ್ನೊಂದು ವರ್ಷ. ಕೆಲಸ ಮುಗಿಸಿ ಟೂ ಸೆವೆಂಟಿ ಫೈವ್ ಹೈವೇ ಹಿಡಿದು ಕ್ಲಾಸಿಗೆ ಹೋಗುವುದು, ಕಾರಿನಲ್ಲೇ ಮೊಸರನ್ನ ತಿನ್ನುವುದು. ನಮ್ಮ ಯಜಮಾನರು ಸಾರು ಮಾಡುವುದನ್ನು ಕಲಿತರು. ಮೊದಲ ಎರಡು ವರ್ಷದ ಸಾರಿನ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಕೊನೆಯ ವರ್ಷಕ್ಕೆ ಒಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು. ವಿಷಯ ಹುಡುಕುತ್ತಾ ಹಳೆಯ ನಕ್ಷೆಯೊಂದನ್ನು ಬಿಚ್ಚಿದೆ. ನದಿಯ ಉದ್ದಕ್ಕೂ ಫ್ರೆಂಚ್ ರೈತರ ಹೊಲಗಳು, ಬಾಚಣಿಗೆಯ ಹಲ್ಲಿನ ಹಾಗೆ. ಪ್ರತಿ ಹೊಲದ ಅಗಲ ಇನ್ನೂರು ಮುನ್ನೂರು ಹೆಜ್ಜೆ, ಉದ್ದ ಮಾತ್ರ ಒಂದೆರಡು ಮೈಲಿ. ಪ್ರತಿಯೊಂದರ ತಲೆಯೂ ನದಿಗೆ ತಾಗುತ್ತಿತ್ತು. ಡೆಟ್ರಾಯಿಟ್‌ನ ಎಷ್ಟೋ ಬೀದಿಗಳು ಇವತ್ತಿಗೂ ಆ ಹೊಲಗಳ ಬದುವಿನ ಮೇಲೇ ಓಡುತ್ತವೆ. ಇದನ್ನು ನಾನು ಕಂಡಿದ್ದೆ! ನಮ್ಮೂರಲ್ಲಿ ಕೆರೆಗೆ ನೀರು ಕಡಿಮೆ ಬಂದ ವರ್ಷ, ತೂಬಿನ ಬುಡದ ಗದ್ದೆಗಳನ್ನೇ ಉದ್ದುದ್ದ ಸೀಳಿ ಎಲ್ಲ ಮನೆಗೂ ಒಂದೊಂದು ಪಟ್ಟಿ ಕೊಡುತ್ತಿದ್ದರು, ಎಲ್ಲರಿಗೂ ನೀರು ತಾಗಲಿ ಎಂದು. ಹಗ್ಗ ಹಿಡಿದು ಅಳೆಯುತ್ತಿದ್ದವರು ನಮ್ಮಪ್ಪ. ಫ್ರೆಂಚರೂ ಇದನ್ನೇ ಮಾಡಿದ್ದಾರೆ, ನದಿಯ ನೀರನ್ನು ಹೊಲಗಳಿಗೆ ನ್ಯಾಯವಾಗಿ ಹಂಚಿಕೊಳ್ಳಲು ಹೊಲವನ್ನು ಸೀಳಿದ್ದಾರೆ ಎಂದು ನಲವತ್ತು ಪುಟ ಬರೆದೆ.

ಕಾಲೇಜಿನ ಪ್ರೊಫೆಸರ್ ಕರಡು ಓದಿ, ಹೊಸ ನೋಟ ಎಂದರು. ಕ್ಯಾಥರೀನ್‌ಗೂ ಹಿಡಿಸಿತು. "ಮೇ ತಿಂಗಳಲ್ಲಿ ಡಿಗ್ರಿ ಬಂದ ಮಾರನೇ ದಿನದಿಂದ ಬೋರ್ಡುಗಳೆಲ್ಲ ನಿನ್ನವು" ಎಂದು, ಹೊಲದ ವಿಷಯದ ಮೊದಲ ಬೋರ್ಡನ್ನು ಮುಂಚೆಯೇ ನನ್ನಿಂದ ಬರೆಸಿ ದಂಡೆಯ ಮೇಲೆ ನಿಲ್ಲಿಸಿಬಿಟ್ಟಳು.

ನನ್ನ ಕಾನ್ವೊಕೇಶನ್ ನೋಡಲೆಂದೇ ಅಪ್ಪ ಏಪ್ರಿಲಿನಲ್ಲಿ ಬಂದರು. ಎಪ್ಪತ್ತಾರು ವರ್ಷ, ಮೊದಲ ವಿಮಾನ. ಪಂಚೆಯ ಮೇಲೆ ನಮ್ಮ ಯಜಮಾನರ ಚಳಿ ಜಾಕೆಟು ಹಾಕಿಕೊಂಡು ಮ್ಯೂಸಿಯಂಗೆ ಬಂದವರನ್ನು ನೇರ ಬೋರ್ಡಿನ ಹತ್ತಿರ ಕರೆದುಕೊಂಡು ಹೋಗಿ, ಓದಿ, ಕನ್ನಡದಲ್ಲಿ ಹೇಳಿದೆ. ಹೆಮ್ಮೆಯಿಂದ ಹೇಳಿದೆ. ಅವರು ಬೋರ್ಡನ್ನು ನೋಡಲೇ ಇಲ್ಲ. ನದಿ ನೋಡುತ್ತಿದ್ದರು.

"ತೂಬು ಎಲ್ಲೈತಮ್ಮಣ್ಣಿ?"

"ತೂಬಿಲ್ಲಪ್ಪ, ನದಿ ಇದು."

"ಕಾಲುವೆ?"

"ಕಾಣಲ್ಲ. ಮುನ್ನೂರು ವರ್ಷ ಆಯ್ತಲ್ಲ."

ಅವರು ದಂಡೆಯಿಂದ ಹೊಲದ ಕಡೆ ನಡೆದರು. ತಿರುಗಿ ನಿಂತು, ಅಂಗೈ ಚಪ್ಪಟೆ ಮಾಡಿ ಕಣ್ಣಿನ ಮಟ್ಟಕ್ಕೆ ಹಿಡಿದರು. ಊರಲ್ಲಿ ಮಟ್ಟ ನೋಡುವಾಗ ಹಾಗೇ ಹಿಡಿಯುತ್ತಿದ್ದರು. "ಈ ನೆಲ ನೀರಿಗಿಂತ ಎರಡಾಳು ಎತ್ತರ ಐತೆ. ನೀರು ಮೇಲಕ್ಕೆ ಹತ್ತುತ್ತಾ?"

ನಾನು ನೀರನ್ನು ನೋಡಿದೆ, ದಂಡೆಯನ್ನು ನೋಡಿದೆ.

"ಇಲ್ಲಿ ಮಳೆ ಬೀಳಲ್ವಾ?"

"ಬೀಳುತ್ತೆ. ಬೇಸಿಗೇಲೂ ಬೀಳುತ್ತೆ."

"ಹಂಗಾದ್ರೆ ಇವ್ರಿಗೆ ನೀರುಗಂಟಿ ಯಾಕೆ ಬೇಕಿತ್ತು?"

ಆಗ ಅದಿರು ತುಂಬಿದ ಉದ್ದದ ಹಡಗೊಂದು ಮೇಲಿನ ಸರೋವರದಿಂದ ಇಳಿದು ಬಂತು. ಅಪ್ಪ ಅದು ದಾಟುವವರೆಗೂ ಬಾಯಿ ತೆರೆದು ನಿಂತಿದ್ದರು. "ಆ ಕಾಲದಾಗೂ ಇದ್ರ ಮ್ಯಾಲೇ ಓಡಾಡ್ತಿದ್ರಾ?"

"ಹೂಂ. ದೋಣೀಲಿ. ಬೇರೆ ದಾರಿ ಇರ್ಲಿಲ್ಲ."

"ಮತ್ತೆ ಇದು ಕೆರೆ ಅಲ್ಲಮ್ಮಣ್ಣಿ, ರಸ್ತೆ. ಎಲ್ರಿಗೂ ರಸ್ತೆಗೆ ಬಾಗ್ಲು ಬೇಕಲ್ಲ, ಅದಕ್ಕೆ ಹಿಂಗೆ ಸೀಳವ್ರೆ. ಮನೆ ಪಕ್ಕ ಮನೆ ಬಂದ್ರೆ ಕೂಗಿದ್ರೂ ಕೇಳಿಸ್ತದೆ. ದೂರದಿಂದ ಬಂದೋರು, ಭಯ ಇರಲ್ವಾ?"

ದೋಣಿಯ ದಾರಿ, ನೆರೆಯ ಮನೆ. ಪುಸ್ತಕಗಳಲ್ಲಿ ಇದೇ ಇತ್ತು. ನಾನು ಓದಿಯೂ ಇದ್ದೆ. ಓದಿ ಪಕ್ಕಕ್ಕಿಟ್ಟು, ನಮ್ಮೂರನ್ನು ತಂದು ಅವರ ನದಿಯ ಮೇಲೆ ಇಟ್ಟಿದ್ದೆ. ನಲವತ್ತು ಪುಟದ ಒಗ್ಗರಣೆ.

ಪ್ರಬಂಧ ಒಪ್ಪಿಸಲು ಒಂಬತ್ತು ದಿನ ಉಳಿದಿತ್ತು. ವಾಪಸ್ ಪಡೆದರೆ ಡಿಗ್ರಿ ಡಿಸೆಂಬರಿಗೆ ಹೋಗುತ್ತದೆ. ವೀಸಾದ ಪ್ರಕಾರ ಅಪ್ಪ ಇಲ್ಲಿ ಇರಬಹುದಾದದ್ದು ಅಕ್ಟೋಬರಿನವರೆಗೆ. ಬೋರ್ಡಿನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ವಾಪಸ್ ಪಡೆಯುತ್ತೇನೆಂದು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಅಣ್ಣನಿಗೆ ತಿಳಿಸಿದರು. ನೇಪರ್‌ವಿಲ್‌ನಿಂದ ಭಾವನ ಫೋನ್ ಬಂತು.

"ಲಕ್ಷ್ಮೀ, ಹುಚ್ಚು ಹಿಡಿದಿದೆಯಾ? ಪ್ರೊಫೆಸರೇ ಒಪ್ಪಿದಾರೆ. ಮೊದ್ಲು ಡಿಗ್ರಿ ತಗೋ, ಆಮೇಲೆ ತಿದ್ಕೋ. ಯಾರಿಗೆ ಗೊತ್ತಾಗುತ್ತೆ?"

"ಅಪ್ಪಂಗೆ ಗೊತ್ತಾಗಿದೆ ಭಾವ."

"ಅವ್ರು ಯಾರಿಗೆ ಹೇಳ್ತಾರಮ್ಮಾ?"

"ಅವ್ರು ಹೇಳಲ್ಲ. ಆದ್ರೆ ಅವ್ರ ಎದುರಿಗೆ ಆ ಡಿಗ್ರಿ ಕಾಗದ ಇಸ್ಕೊಳ್ಳೋಕೆ ನನ್ನ ಕೈ ಬರಲ್ಲ."

ಭಾವ "ನಿನ್ನಿಷ್ಟ" ಎಂದು ಫೋನಿಟ್ಟರು.

ಮಾರನೇ ದಿನ ಕ್ಯಾಥರೀನ್ ಎದುರು ನಿಂತು ಹೇಳಿದೆ. ನೆಲದ ಎತ್ತರ ಹೇಳಿದೆ, ಮಳೆ ಹೇಳಿದೆ, ತೂಬು ಹೇಳಿದೆ. ಅವಳು ಕನ್ನಡಕ ಕೆಳಗಿಳಿಸಿ ಬಹಳ ಹೊತ್ತು ಕಿಟಕಿಯಾಚೆಗಿನ ಬೋರ್ಡನ್ನು ನೋಡಿದಳು. "ನಾನು ಶಿಕಾಗೊದ ಮೂರನೇ ಮಹಡಿಯಲ್ಲಿ ಬೆಳೆದವಳು. ರೈತರ ವಿಷಯ ನಿನಗೇ ಗೊತ್ತು ಎಂದುಕೊಂಡು ನಾನು ಕಾಗದ ಕೇಳಲಿಲ್ಲ. ನನ್ನ ತಪ್ಪೂ ಇದೆ." ಎದ್ದು ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದಳು. ಇಬ್ಬರೂ ಹೋಗಿ ಬೋರ್ಡು ಬಿಚ್ಚಿದೆವು. ಬಿಚ್ಚುವಾಗ, "ಈ ತಪ್ಪನ್ನು ಹಿಡಿದವರು ಯಾರು?" ಎಂದು ಕೇಳಿದಳು. ನಮ್ಮಪ್ಪ ಎಂದೆ. "ಅವರು ಯಾವ ಕಾಲೇಜು?" ಎಂದಳು. ಆ ದಿನಗಳಲ್ಲಿ ನಾನು ನಕ್ಕದ್ದು ಆಗೊಮ್ಮೆ ಮಾತ್ರ. ಡಿಸೆಂಬರಿನವರೆಗೆ ಬೋರ್ಡಿನ ಕೆಲಸ ಕಾದಿರಿಸುತ್ತೇನೆಂದು ಅವಳು ಮಾತು ಕೊಡಲಿಲ್ಲ. ಬೇರೆಯವರನ್ನೂ ತೆಗೆದುಕೊಳ್ಳಲಿಲ್ಲ.

ಬೇಸಿಗೆಯೆಲ್ಲ ಹೊಸದಾಗಿ ಬರೆದೆ. ಅಪ್ಪ ದಿನಾ ನನ್ನ ಜೊತೆ ಬಂದು ದಂಡೆಯ ಬೆಂಚಿನ ಮೇಲೆ ಕೂರುತ್ತಿದ್ದರು. ಕಮ್ಮಾರನಿಗೂ ಅವರಿಗೂ ಭಾಷೆ ಇಲ್ಲದೆ ಸ್ನೇಹವಾಯಿತು. ನದಿ ರಸ್ತೆಯಾದ ಮೇಲೆ ನಕ್ಷೆಯ ಅರ್ಥವೇ ಬದಲಾಯಿತು. ದಂಡೆಯ ಮನೆಗಳ ಸಾಲು, ಬಾಗಿಲಿಗೆ ಬರುವ ದೋಣಿ, ಅದೇ ರಸ್ತೆಯಲ್ಲಿ ತಲೆಮಾರುಗಳಿಂದ ಓಡಾಡುತ್ತಿದ್ದ ಮೂಲನಿವಾಸಿಗಳು, ಅವರ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದು. ಪ್ರಬಂಧ ಅಲ್ಲಿಗೆ ಬಂದು ನಿಂತಿತು. ಮೊದಲನೆಯದಕ್ಕಿಂತ ಚಿಕ್ಕದು, ಮೊದಲನೆಯದಕ್ಕಿಂತ ದುಃಖದ್ದು.

ಅಪ್ಪನಿಗೆ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡೋಣವೆಂದು ಫಾರಂ ತುಂಬುತ್ತಿದ್ದೆ. ಅವರೇ ಬೇಡವೆಂದರು. "ಈ ಸಲ ಕೆರೆ ತುಂಬೈತಂತೆ. ತೂಬು ಎತ್ತೋಕೆ ನಾನಿರ್ಬೇಕು. ಹುಡುಗ್ರಿಗೆ ಬಿಟ್ರೆ ಮುಂದಿನ ಗದ್ದೆಗೇ ಎಲ್ಲಾ ಬಿಟ್‌ಬಿಡ್ತವೆ."

"ನನ್ನ ಡಿಗ್ರಿ ನೋಡೋಕೆ ಬಂದೋರು ನೀವು."

"ನಿನ್ನ ಕೆಲ್ಸ ನೀನು ಬಿಟ್ಟೆಯಾ? ನನ್ನ ಕೆಲ್ಸ ನಾನು ಬಿಡ್ಲಾ?"

ಅಕ್ಟೋಬರಿನಲ್ಲಿ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಮೇಪಲ್ ಎಲೆಗಳು ಉದುರುತ್ತಿದ್ದವು. ವಾಪಸ್ಸು ಬರುವಾಗ ನನ್ನ ಎಕ್ಸಿಟ್ ತಪ್ಪಿ ಹನ್ನೆರಡು ಮೈಲಿ ಮುಂದೆ ಹೋಗಿದ್ದೆ.

ಡಿಸೆಂಬರಿನ ಕಾನ್ವೊಕೇಶನ್ ಚಿಕ್ಕದು, ಸಂಜೆ ಏಳಕ್ಕೆ, ಹೊರಗೆ ಹಿಮ. ನಮ್ಮ ಯಜಮಾನರು, ಕ್ಯಾಥರೀನ್, ಇಪ್ಪತ್ತೆರಡು ವರ್ಷದ ಮಕ್ಕಳ ನಡುವೆ ನರೆಗೂದಲ ನಾನು. ಎರಡನೇ ಸಾಲಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದವರನ್ನು ನೋಡಿ ಬೆಚ್ಚಿದೆ. ಹಿಮದಲ್ಲಿ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಭಾವ ಬಂದಿದ್ದರು. ನನ್ನ ಹೆಸರನ್ನು ಡೀನ್ ತಪ್ಪು ತಪ್ಪಾಗಿ ಕೂಗಿದರು. ಹೋಗಿ ಕೈ ಚಾಚಿದೆ. ಸರ್ಟಿಫಿಕೇಟು ಕೈಗೆ ಬಂತು.

ಹೊರಗೆ ಕಾರಿಡಾರಿನಲ್ಲಿ ಭಾವ ಅದನ್ನು ಇಸಿದುಕೊಂಡು ಓದಿದರು. ಪ್ರಬಂಧದ ಪ್ರತಿಯನ್ನೂ ಕೇಳಿ ತೆಗೆದುಕೊಂಡು ತಿರುವಿದರು. ಮೊದಲ ಪುಟದ ಅಡಿಟಿಪ್ಪಣಿಯಲ್ಲಿ ಅವರ ಬೆರಳು ನಿಂತಿತು. ನದಿ ರಸ್ತೆಯೆಂಬುದನ್ನು ನೆಲ ನೋಡಿ ತೋರಿಸಿಕೊಟ್ಟವರು ಮುನಿವೆಂಕಟಪ್ಪ, ನೀರುಗಂಟಿ, ಕೋಲಾರ ಜಿಲ್ಲೆ ಎಂದಿತ್ತು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಆಗಲ್ಲ ಅಂತ ಹೇಳಿದ್ದೆ. ಆ ಮಾತು ವಾಪಸ್ ತಗೋತೀನಮ್ಮಾ."

"ಇರ್ಲಿ ಬಿಡಿ ಭಾವ. ಮುಂದಿನವ್ರಿಗೆ ಹೇಳೋಕೆ ಬೇಕಾಗುತ್ತೆ."

ಊರಲ್ಲಿ ಆಗ ಬೆಳಗಿನ ಏಳು. ಭಾವನೇ ತಮ್ಮ ಫೋನಿನಿಂದ ವಿಡಿಯೋ ಕಾಲ್ ಮಾಡಿ ಹಿಡಿದರು. ಅಪ್ಪ ಕೆರೆ ಏರಿಯ ಮೇಲಿದ್ದರು, ತಲೆಗೆ ಟವೆಲ್ಲು, ಹಿಂದೆ ತುಂಬಿದ ನೀರು. ಸರ್ಟಿಫಿಕೇಟನ್ನು ಫೋನಿನ ಮುಂದೆ ಹಿಡಿದೆ.

"ಕಾಣಿಸ್ತಾ ಅಪ್ಪ?"

"ಕಾಣ್ತದೆ. ಅದ್ರಾಗೆ ಏನು ಬರ್ದವ್ರೆ, ಓದು."

ಓದಿ ಹೇಳಿದೆ. ಕಾಲೇಜಿನ ಹೆಸರು, ನನ್ನ ಹೆಸರು, ಪದವಿಯ ಹೆಸರು. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ನೀರು ಮೇಲಕ್ಕೆ ಹತ್ತಲ್ಲ ಅಂತ ಬರ್ದಿಲ್ವಾ?"

"ಇಲ್ಲಪ್ಪ."

"ಹಂಗಾದ್ರೆ ಅದೊಂದು ನೀನೇ ಕೆಳಗೆ ಬರ್ಕೊ, ಅಮ್ಮಣ್ಣಿ. ಮಿಕ್ಕಿದ್ದು ಸರಿಯಾಗೈತೆ."